ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ಇಳಿದು ಬಂದವರಿಗೆ

ಪ್ರಶ್ನೆ: ನನಗೆ 41 ವರ್ಷ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದು ಸ್ವಲ್ಪ ಅಡಿಕೆ ತೋಟ. ಐದನೇ ಕ್ಲಾಸಿನಲ್ಲಿದ್ದಾಗ ಮಾವ ನನ್ನನ್ನು ಹಲ್ಲು ತೆಗೆಸಲು ಕರೆದುಕೊಂಡು ಹೋಗಿದ್ದರು. ಇಬ್ಬರು ಕೈಕಾಲು ಹಿಡಿದುಕೊಂಡಿದ್ದರು. ಇಂಜೆಕ್ಷನ್ ಹಿಡಿಯುವ ಮೊದಲೇ ಹಲ್ಲು ಕಿತ್ತರು. ಆಮೇಲೆ ಇವತ್ತಿನವರೆಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿಲ್ಲ. ಕೆಳಗಿನ ಎಡಗಡೆ ದವಡೆ ಹಲ್ಲು ಎರಡು ವರ್ಷದಿಂದ ತೂತಾಗಿದೆ. ಹೋದ ತಿಂಗಳು ಕೆನ್ನೆ ಬಾತಿತ್ತು. ಮೆಡಿಕಲ್‌ನಿಂದ ಮಾತ್ರೆ ತಂದು ತಿಂದೆ, ಇಳಿಯಿತು. ಎರಡು ಸಲ ಟೋಕನ್ ತೆಗೆದು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದ್ದೇನೆ. ಎರಡೂ ಸಲ ಆ ಮೆಷಿನ್ನಿನ ಶಬ್ದ ಕೇಳಿ ಇಳಿದು ಬಂದೆ. ತೋಟದಲ್ಲಿ ಹಾವು ಕಂಡರೂ ಹೆದರದವನು ನಾನು. ಹೆಂಡತಿ ನಗುತ್ತಾಳೆ. ಇದು ಒಂದು ಕಾಯಿಲೆಯೇ? ಪೂರ್ತಿ ಪ್ರಜ್ಞೆ ತಪ್ಪಿಸಿ ಕೆಲಸ ಮುಗಿಸಲು ಆಗುತ್ತದಾ? ಏಳು ವರ್ಷದ ಮಗಳಿಗೂ ಹಲ್ಲು ಹುಳುಕಾಗಿದೆ. ಅವಳೂ ಈಗ ಹಲ್ಲಿನ ಡಾಕ್ಟರ್ ಅಂದರೆ ಅಳಲು ಶುರು ಮಾಡಿದ್ದಾಳೆ.

ಉತ್ತರ: ಹೆದರಿಕೆಯ ಮಾತು ಆಮೇಲೆ ಆಡೋಣ. ಮೊದಲು ಆ ಬಾವಿನ ವಿಷಯ.

ಬಾವು ಇಳಿಯಿತು ಅಂದರೆ ವಾಸಿಯಾಯಿತು ಅಂತಲ್ಲ. ತೂತಾದ ಹಲ್ಲಿನ ಕಡೆ ಕೆನ್ನೆ ಬಾತಿದೆ ಅಂದರೆ, ಹೆಚ್ಚಾಗಿ ಹಲ್ಲಿನೊಳಗಿನ ನರ ಸತ್ತು ಬೇರಿನ ತುದಿಯಲ್ಲಿ ಕೀವು ಸೇರಿರುತ್ತದೆ. ನರ ಸತ್ತ ಹಲ್ಲಿನೊಳಗೆ ರಕ್ತ ಓಡುವುದಿಲ್ಲ. ರಕ್ತ ಹೋಗದ ಕಡೆ ಮಾತ್ರೆಯ ಮದ್ದೂ ಹೋಗುವುದಿಲ್ಲ. ಬಾವಿಗೆ ಇಲಿ ಬಿದ್ದು ಸತ್ತರೆ ಏನು ಮಾಡುತ್ತೇವೆ? ಇಲಿಯನ್ನು ತೆಗೆಯದೆ ಬ್ಲೀಚಿಂಗ್ ಪೌಡರ್ ಹಾಕುತ್ತಾ ಕೂತರೆ ನಾಲ್ಕು ದಿನ ವಾಸನೆ ಕಡಿಮೆ ಆದೀತು, ಅಷ್ಟೆ. ನೀವು ತಿಂದ ಮಾತ್ರೆ ಆ ಬ್ಲೀಚಿಂಗ್ ಪೌಡರ್.

ಮತ್ತೆ ಬಾತಾಗ, ಬಾವು ಗದ್ದದ ಕೆಳಗೆ ಇಳಿದರೆ, ಉಗುಳು ನುಂಗಲು ಕಷ್ಟವಾದರೆ, ನಾಲಿಗೆ ಮೇಲಕ್ಕೆ ಎತ್ತಿದಂತಾದರೆ, ಬಾಯಿ ತೆರೆಯಲು ಬಾರದಿದ್ದರೆ, ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಎಷ್ಟು ಹೊತ್ತಾದರೂ ದೊಡ್ಡ ಆಸ್ಪತ್ರೆಯ ಕ್ಯಾಶುವಾಲಿಟಿಗೆ ಹೋಗಿ. ಕೆಳಗಿನ ದವಡೆ ಹಲ್ಲಿನ ಕೀವು ನಾಲಿಗೆಯ ಅಡಿಗೆ, ಕುತ್ತಿಗೆಗೆ ಇಳಿದು ಉಸಿರಿನ ದಾರಿಯನ್ನೇ ಕಟ್ಟಬಲ್ಲದು. ಇದು ಹೆದರಿಸಲು ಹೇಳಿದ್ದಲ್ಲ. ಹೆದರಿದವರಿಗೆ ಇನ್ನಷ್ಟು ಹೆದರಿಕೆ ತುಂಬಿ ಉಪಯೋಗವಿಲ್ಲ, ಅದು ನನಗೆ ಗೊತ್ತು. ಆದರೆ ಇದೊಂದನ್ನು ಹೇಳದೆ ಬಿಟ್ಟರೆ ತಪ್ಪು ನನ್ನದಾಗುತ್ತದೆ.

ಈಗ ಹೆದರಿಕೆ. ನಿಮ್ಮ ಪತ್ರದಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಐದನೇ ಕ್ಲಾಸಿನ ಕಥೆ ಹೇಳುವಾಗ ಮೊದಲು ಬರೆದದ್ದು ‘ಕೈಕಾಲು ಹಿಡಿದುಕೊಂಡಿದ್ದರು’ ಅಂತ. ಹಲ್ಲು ಕಿತ್ತದ್ದು ಆಮೇಲೆ ಬಂತು. ‘ನೋವು’ ಅನ್ನುವ ಶಬ್ದವಂತೂ ಪತ್ರದಲ್ಲೇ ಇಲ್ಲ.

ಹಾವಿನ ಮಾತೂ ಅದೇ. ತೋಟದಲ್ಲಿ ಹಾವು ಕಂಡಾಗ ನಿಮ್ಮ ಕಾಲು ನಿಮ್ಮದೇ. ಕೈಯಲ್ಲಿ ಕತ್ತಿಯೋ ಕೋಲೋ ಇರುತ್ತದೆ. ಓಡಬಹುದು, ನಿಲ್ಲಬಹುದು, ಕೂಗಬಹುದು. ನಮ್ಮ ಕುರ್ಚಿಯಲ್ಲಿ ಏನಿದೆ ಹೇಳಿ? ಅಂಗಾತ ಮಲಗಿಸುತ್ತೇವೆ. ಬಾಯಿ ತೆರೆಸುತ್ತೇವೆ. ಮಾತಾಡಲು ಆಗುವುದಿಲ್ಲ. ಮುಖದ ಮೇಲೆ ಲೈಟು. ಏನು ನಡೆಯುತ್ತಿದೆ ಅಂತ ಕಾಣುವುದಿಲ್ಲ. ಡಾಕ್ಟರೂ ಅಸಿಸ್ಟೆಂಟೂ ನಿಮ್ಮ ಮುಖದ ಮೇಲಿನಿಂದಲೇ ತಮ್ಮೊಳಗೆ ಮಾತಾಡುತ್ತಾರೆ. ನನ್ನದೇ ಹಲ್ಲಿಗೆ ರೂಟ್ ಕೆನಾಲ್, ಅಂದರೆ ಒಳಗಿನ ನರ ತೆಗೆದು ತುಂಬುವ ಕೆಲಸ, ಮಾಡಿಸಿದ ದಿನ ಇದೆಲ್ಲ ನನಗೆ ತಿಳಿಯಿತು. ಅಷ್ಟು ವರ್ಷ ಕುರ್ಚಿಯ ಪಕ್ಕದಲ್ಲೇ ಕೂತಿದ್ದೆ, ಕುರ್ಚಿಯಲ್ಲಿ ಮಲಗಿರಲಿಲ್ಲ. ನೋವು ಇರಲಿಲ್ಲ, ಆದರೂ ಕೈ ಮಾತ್ರ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿತ್ತು.

ಹಾಗಾಗಿ ನೀವು ಹೇಡಿ ಅಲ್ಲ. ನಿಮ್ಮ ಮೈಮೇಲೆ ನಿಮಗೇ ಅಧಿಕಾರವಿಲ್ಲದ ಜಾಗಕ್ಕೆ ಮತ್ತೆ ಹೋಗಲು ಮನಸ್ಸು ಒಪ್ಪುತ್ತಿಲ್ಲ.

ಕಾಯಿಲೆಯೇ ಅಂತ ಕೇಳಿದಿರಿ. ಅಗತ್ಯ ಇದ್ದರೂ ಹೋಗಲಾಗದಷ್ಟು ಹೆದರಿಕೆ ಇದ್ದರೆ ನಮ್ಮಲ್ಲಿ ಅದಕ್ಕೆ ಹೆಸರಿದೆ, ಅಳೆಯುವ ಪಟ್ಟಿಯೂ ಇದೆ. 1969ರಲ್ಲಿ ನಾರ್ಮನ್ ಕೋರಾ ಅನ್ನುವ ಸಂಶೋಧಕರು ನಾಲ್ಕು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. 1995ರಲ್ಲಿ ಜೆರಿ ಹಂಫ್ರಿಸ್ ಮತ್ತು ಜೊತೆಯವರು ಅದನ್ನು ತಿದ್ದಿ ಐದು ಮಾಡಿದರು. ನಾಳೆ ಹಲ್ಲಿನ ಡಾಕ್ಟರಲ್ಲಿಗೆ ಹೋಗಬೇಕು ಅಂದರೆ ಹೇಗನ್ನಿಸುತ್ತದೆ? ಹೊರಗೆ ಕಾಯುತ್ತಾ ಕೂತಾಗ? ಹಲ್ಲು ಕೊರೆಯಲು ಹೊರಟಾಗ? ಕ್ಲೀನ್ ಮಾಡುವಾಗ? ವಸಡಿಗೆ ಇಂಜೆಕ್ಷನ್ ಕೊಡುವಾಗ? ಒಂದೊಂದಕ್ಕೂ 1ರಿಂದ 5 ಅಂಕ. ಏನೂ ಹೆದರಿಕೆ ಇಲ್ಲದಿದ್ದರೆ 1, ವಿಪರೀತ ಇದ್ದರೆ 5. ಒಟ್ಟು 25ರಲ್ಲಿ 19 ಅಥವಾ ಜಾಸ್ತಿ ಬಂದರೆ ಹೆದರಿಕೆ ಗಂಭೀರ ಅಂತ ಲೆಕ್ಕ. ಮನೆಯಲ್ಲೇ ಕೂತು ಅಂಕ ಹಾಕಿ, ಹೆಂಡತಿಯಿಂದಲೂ ಹಾಕಿಸಿ. ನಗುವವರ ಅಂಕ ಎಷ್ಟಿದೆ ಅಂತಲೂ ನೋಡೋಣ, ಅಲ್ವಾ?

ನನಗೆ ಒಟ್ಟು ಅಂಕಕ್ಕಿಂತ 5 ಯಾವುದಕ್ಕೆ ಬಿತ್ತು ಅನ್ನುವುದು ಮುಖ್ಯ. ಕೆಲವರಿಗೆ ಸೂಜಿ, ಕೆಲವರಿಗೆ ಹೊರಗೆ ಕಾಯುವುದೇ ಯಮಯಾತನೆ. ನಿಮ್ಮದು ಶಬ್ದ ಅಂತ ಕಾಣುತ್ತದೆ. ಅದನ್ನು ಡಾಕ್ಟರಿಗೆ ಮೊದಲೇ ಹೇಳಿದರೆ ಅರ್ಧ ಕೆಲಸ ಸುಲಭ.

ನಮ್ಮ ಊರಿನದೇ ಒಂದು ತೊಂದರೆ ಬೇರೆ ಇದೆ. ಬೇರೆ ಕಡೆಯ ಡಾಕ್ಟರುಗಳಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮಲ್ಲಿ ಮನೆಯಲ್ಲಿ ಹವ್ಯಕವೋ ತುಳುವೋ, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ. ಕುರ್ಚಿಯಲ್ಲಿ ಮಲಗಿದಾಗ ಯಾವುದು ಬಾಯಿಗೆ ಬರುತ್ತದೆ? ಚಿಕ್ಕಂದಿನ ಮಾತೇ ಬರುತ್ತದೆ. ಕೆಲವು ವರ್ಷದ ಹಿಂದೆ ತೆಂಕಣ ಕಡೆಯಿಂದ ಒಬ್ಬಳು ಹುಡುಗಿ ನಮ್ಮಲ್ಲಿ ಅಸಿಸ್ಟೆಂಟ್ ಆಗಿ ಸೇರಿದ್ದಳು. ಮಲಯಾಳ ಬಿಟ್ಟು ಬೇರೆ ಬಾರದು. ಒಬ್ಬರು ಅಜ್ಜಿ ಬಂದು ‘ಕೂಲಿ ಬೇನೆ’ ಅಂದರು. ತುಳುವಿನಲ್ಲಿ ಕೂಲಿ ಅಂದರೆ ಹಲ್ಲು. ಈ ಹುಡುಗಿ ಒಳಗೆ ಬಂದು, ಯಾರೋ ಅಜ್ಜಿ ಸಂಬಳ ಕೇಳಲು ಬಂದಿದ್ದಾರೆ ಅಂದಳು! ಅಜ್ಜಿಯೂ ನಕ್ಕರು, ಆ ಲೆಕ್ಕದಲ್ಲಿ ಅವರ ಹೆದರಿಕೆಯೂ ಅರ್ಧ ಹೋಯಿತು.

ಎಲ್ಲ ಸಲ ಹೀಗೆ ನಗುವಲ್ಲಿ ಮುಗಿಯುವುದಿಲ್ಲ. ತಣ್ಣೀರು ಕುಡಿದಾಗ ಜುಂ ಅಂದು ಕೂಡಲೇ ಹೋಗುವ ನೋವು ಬೇರೆ. ಬಿಸಿ ಚಾ ಕುಡಿದ ಮೇಲೆ ಶುರುವಾಗಿ ಅರ್ಧ ಗಂಟೆ ಬಿಡದೆ ಸಿಡಿಯುವ ನೋವು ಬೇರೆ. ಮೊದಲನೆಯದಕ್ಕೆ ತೂತು ತುಂಬಿದರೆ ಸಾಕಾಗಬಹುದು, ಎರಡನೆಯದಕ್ಕೆ ಹೆಚ್ಚಾಗಿ ರೂಟ್ ಕೆನಾಲ್ ಬೇಕು. ಕಚ್ಚಿದಾಗ ಮಾತ್ರ ಚುಚ್ಚುವುದು ಇನ್ನೊಂದು. ಇದನ್ನು ಬಾರದ ಭಾಷೆಯಲ್ಲಿ ಹೇಳುವುದು ಹೇಗೆ? ಸುಮ್ನೆ ‘ವೇದನ’ ಅಂದುಬಿಡುತ್ತೇವೆ. ಸರಿಯಾಗಿ ಹೇಳಲಾಗಲಿಲ್ಲ, ಅವರು ಹೇಳಿದ್ದೂ ಪೂರ್ತಿ ತಿಳಿಯಲಿಲ್ಲ ಅನ್ನುವ ಹೊತ್ತಿಗೆ ಸೂಜಿ ಕಂಡರೆ ಯಾರಿಗಾದರೂ ಎದೆ ಹಾರುತ್ತದೆ. ಹಾಗಾಗಿ ಫೋನಿನಲ್ಲೇ ಕೇಳಿ, ಡಾಕ್ಟರಿಗೆ ಕನ್ನಡವೋ ತುಳುವೋ ಬರುತ್ತದಾ ಅಂತ. ಇದರಲ್ಲಿ ನಾಚಿಕೆ ಏನೂ ಇಲ್ಲ. ಮಂಗಳೂರು, ದೇರಳಕಟ್ಟೆ ಕಡೆ ಓದಿ ಬಂದವರಿಗೆ ಎರಡೂ ಅಷ್ಟಿಷ್ಟು ಗೊತ್ತಿರುತ್ತದೆ. ಬಾರದಿದ್ದರೆ ಎರಡೂ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಹೊರಗೆ ಕೂರುವುದಲ್ಲ, ಒಳಗೆ ಬರಬೇಕು.

ಇನ್ನು ಹಿಡಿಯದ ಇಂಜೆಕ್ಷನ್. ಈಗ ನಾವು ಕೊಡುವ ಮದ್ದು ಹೆಚ್ಚಾಗಿ ಲಿಗ್ನೊಕೇನ್. ಅದನ್ನು 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದರು. 1948ರಲ್ಲಿ ಮಾರುಕಟ್ಟೆಗೆ ಬಂತು. ಅಂದರೆ ನೀವು ಐದನೇ ಕ್ಲಾಸಿನಲ್ಲಿದ್ದಾಗ ಒಳ್ಳೆಯ ಮದ್ದು ಇರಲಿಲ್ಲ ಅಂತಲ್ಲ. ಅವತ್ತು ಅದು ಯಾಕೆ ಹಿಡಿಯಲಿಲ್ಲ? ಎರಡು ಕಾರಣ ಇರಬಹುದು. ಒಂದು, ಕಾಯಲಿಲ್ಲ. ಕೆಳಗಿನ ದವಡೆಗೆ ಕೊಟ್ಟ ಇಂಜೆಕ್ಷನ್ ಹಿಡಿಯಲು ಕೆಲವು ನಿಮಿಷ ಬೇಕು. ಅರ್ಧ ತುಟಿ ದಪ್ಪವಾಗಿ ಯಾರದೋ ತುಟಿ ಅನ್ನಿಸಬೇಕು. ಅಲ್ಲಿಯವರೆಗೆ ಕೈ ಹಾಕಬಾರದು.

ಇನ್ನೊಂದು ಕಾರಣ ಕೀವು. ಕೀವು ಸೇರಿದ ಜಾಗ ಹುಳಿಯಾಗಿರುತ್ತದೆ. ಹುಳಿ ಇದ್ದಲ್ಲಿ ಈ ಮದ್ದು ನರದ ಒಳಗೆ ಸರಿಯಾಗಿ ನುಗ್ಗುವುದಿಲ್ಲ. ಎಷ್ಟು ಕೊಟ್ಟರೂ ಅರ್ಧಂಬರ್ಧ ಹಿಡಿಯುತ್ತದೆ. ಹೆದರಿದವರ ಗತಿ ನೋಡಿ: ಹೆದರಿ ಮುಂದೂಡುತ್ತಾರೆ, ಮುಂದೂಡಿದ್ದಕ್ಕೆ ಕೀವಾಗುತ್ತದೆ, ಬಾತು ತಡೆಯಲಾಗದ ದಿನವೇ ಬರುತ್ತಾರೆ, ಅವತ್ತು ಇಂಜೆಕ್ಷನ್ ಹಿಡಿಯುವುದಿಲ್ಲ, ನೋವಾಗುತ್ತದೆ. ‘ನಾನು ಮೊದಲೇ ಹೇಳಿದ್ದೆ!’ ಅನ್ನುತ್ತಾ ಮತ್ತೆ ಐದು ವರ್ಷ ಈ ಕಡೆ ತಲೆ ಹಾಕುವುದಿಲ್ಲ. ಅವರ ಅನುಭವ ಸುಳ್ಳಲ್ಲ. ಬಂದ ದಿನ ಮಾತ್ರ ತಪ್ಪು.

ನಿಮ್ಮ ಬಾವು ಈಗ ಇಳಿದಿದೆ. ಇಂಜೆಕ್ಷನ್ ಚೆನ್ನಾಗಿ ಹಿಡಿಯುವ ಹೊತ್ತು ಇದೇ. ಈ ವಾರವೇ ಹೋಗಿ ಅನ್ನುವುದು ಅದಕ್ಕೆ.

ಸೂಜಿ ಚುಚ್ಚುವುದನ್ನೂ ಮೆತ್ತಗೆ ಮಾಡಬಹುದು. ವಸಡನ್ನು ಒರಸಿ ಒಣಗಿಸಿ, ಮರಗಟ್ಟುವ ಜೆಲ್ ಹಚ್ಚಿ, ಒಂದೆರಡು ನಿಮಿಷ ಬಿಟ್ಟು, ಸಪೂರ ಸೂಜಿಯಲ್ಲಿ ನಿಧಾನಕ್ಕೆ ಮದ್ದು ಬಿಟ್ಟರೆ ಇರುವೆ ಕಚ್ಚಿದಷ್ಟು. ನೋವು ಜಾಸ್ತಿ ಆಗುವುದು ಅವಸರದಲ್ಲಿ ಮದ್ದು ಒತ್ತಿದಾಗ. ಇಂಜೆಕ್ಷನ್ ಆದ ಕೂಡಲೇ ಎದೆ ಡವಡವ ಅಂದರೆ ಗಾಬರಿಯಾಗಬೇಡಿ. ಮದ್ದಿನ ಜೊತೆ ಚೂರು ಅಡ್ರಿನಲಿನ್ ಇರುತ್ತದೆ, ಕೆಲವು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಇದನ್ನೇ ‘ನನಗೆ ಇಂಜೆಕ್ಷನ್ ಅಲರ್ಜಿ’ ಅಂತ ತಿಳಿದುಕೊಂಡವರು ಬಹಳ. ಆದರೆ ಬಿಪಿ, ಹೃದಯದ ತೊಂದರೆ, ರಕ್ತ ತೆಳುವಾಗುವ ಮಾತ್ರೆ ಏನಾದರೂ ಇದ್ದರೆ ಮೊದಲೇ ಹೇಳಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಹೆದರಿಕೆಯೂ ಹಸಿವೂ ಸೇರಿದರೆ ತಲೆ ತಿರುಗಿ ಬೀಳುವುದು ಗ್ಯಾರಂಟಿ. ಎರಡು ದೋಸೆ ತಿಂದೇ ಹೊರಡಿ.

ಶಬ್ದದ ವಿಷಯ. ಆ ಸಣ್ಣ ಮೆಷಿನ್ ಗಾಳಿಯ ಒತ್ತಡದಿಂದ ನಿಮಿಷಕ್ಕೆ ಮೂರು, ನಾಲ್ಕು ಲಕ್ಷ ಸುತ್ತು ತಿರುಗುತ್ತದೆ. ಅದಕ್ಕೇ ಆ ಕೀರಲು. ಹಲ್ಲಿನಿಂದ ದವಡೆಯ ಎಲುಬಿಗೆ, ಅಲ್ಲಿಂದ ಕಿವಿಗೆ ನೇರ ಹೋಗುವುದರಿಂದ ನಿಮಗೆ ಕೇಳುವಷ್ಟು ಜೋರಾಗಿ ನನಗೆ ಕೇಳುವುದಿಲ್ಲ. ಶಬ್ದ ಜೋರಾದರೆ ಆಳ ಜಾಸ್ತಿ ಅಂತಲ್ಲ. ನಮ್ಮಲ್ಲಿಗೆ ಬರುವ ಒಬ್ಬರು ಇಯರ್‌ಫೋನಿನಲ್ಲಿ ಯಕ್ಷಗಾನದ ಪದ ಹಾಕಿಕೊಳ್ಳುತ್ತಾರೆ. ಒಂದೇ ಕಿವಿಗೆ, ಇನ್ನೊಂದು ನನ್ನ ಮಾತಿಗೆ. ಚೆಂಡೆ ಏರಿದಾಗ ಅವರ ಕಾಲ ಬೆರಳು ಕುಣಿಯುತ್ತದೆ, ತಲೆ ಕುಣಿಯದಿದ್ದರೆ ನನಗೆ ಅಡ್ಡಿಲ್ಲ. ನೀವೂ ಹಾಗೆ ಮಾಡಿ. ಮೊದಲ ಟೋಕನ್ ಕೇಳಿ ತೆಗೆದುಕೊಳ್ಳಿ. ನಿಮಗಿಂತ ಮುಂಚೆ ಯಾರೂ ಇಲ್ಲದಿದ್ದರೆ ಹೊರಗೆ ಕೂತು ಇನ್ನೊಬ್ಬರ ಹಲ್ಲಿನ ಶಬ್ದ ಕೇಳಬೇಕಾದ್ದೂ ಇಲ್ಲ.

ಮೊದಲ ದಿನ ಏನೂ ಮಾಡಿಸಬೇಡಿ. ಬಾವು ಇಲ್ಲದಿದ್ದರೆ ಮಾತ್ರ ಈ ಮಾತು. ನೋಡುವುದು, ಒಂದು ಎಕ್ಸ್‌ರೇ, ಹಲ್ಲು ಉಳಿಸಬಹುದೋ ಕೀಳಬೇಕೋ ಅಂತ ತಿಳಿಯುವುದು, ಖರ್ಚು ಎಷ್ಟು ಅಂತ ಕೇಳುವುದು, ಮನೆಗೆ ಬರುವುದು. ಕುರ್ಚಿಯಿಂದ ಏನೂ ಆಗದೆ ಎದ್ದು ಬಂದ ಒಂದು ನೆನಪು ನಿಮಗೆ ಬೇಕು. ಈಗ ನಿಮ್ಮ ಹತ್ತಿರ ಇರುವುದು ಒಂದೇ ನೆನಪು, ಅದೂ ಐದನೇ ಕ್ಲಾಸಿನದು.

ಎರಡನೇ ದಿನ, ಕೆಲಸ ಶುರುವಾಗುವ ಮೊದಲು ಒಪ್ಪಂದ ಮಾಡಿಕೊಳ್ಳಿ: ಎಡಗೈ ಎತ್ತಿದರೆ ಕೆಲಸ ನಿಲ್ಲಬೇಕು. ಎಡಗೈ ಯಾಕೆಂದರೆ ನಾವು ಹೆಚ್ಚಾಗಿ ಬಲಗಡೆ ಕೂತಿರುತ್ತೇವೆ, ನಮ್ಮ ಕೈಗೆ ತಾಗಬಾರದು. ಶುರುವಾದ ಸ್ವಲ್ಪದರಲ್ಲೇ ಸುಮ್ನೆ ಒಮ್ಮೆ ಕೈ ಎತ್ತಿ ನೋಡಿ. ಡಾಕ್ಟರು ನಿಲ್ಲಿಸಿದರೆ ಅಲ್ಲಿಗೆ ನಿಮ್ಮ ಭುಜ ಸಡಿಲವಾಗುತ್ತದೆ. ‘ಇಷ್ಟೇ, ಆಯ್ತು, ಆಯ್ತು’ ಅನ್ನುತ್ತಾ ನಿಲ್ಲಿಸದೆ ಮುಂದುವರಿಸಿದರೆ? ತಾತ್ಕಾಲಿಕ ಸಿಮೆಂಟು ಹಾಕಿಸಿಕೊಂಡು ಎದ್ದು ಬನ್ನಿ, ಬೇರೆಯವರನ್ನು ಹುಡುಕಿ. ನನ್ನ ಜೊತೆಯ ಡಾಕ್ಟರುಗಳಿಗೆ ಈ ಮಾತು ಸೇರಲಿಕ್ಕಿಲ್ಲ. ಆದರೂ ಹೇಳುತ್ತೇನೆ.

ಬೈಯುವ ಡಾಕ್ಟರುಗಳ ಬಗ್ಗೆಯೂ ಇದೇ ಮಾತು. ‘ಇಷ್ಟು ದಿನ ಎಂತ ಮಾಡ್ತಾ ಇದ್ರಿ?’ ಅಂತ ನಾನೂ ಒಬ್ಬರಿಗೆ ರೇಗಿದ್ದೆ. ಜನ ಜಾಸ್ತಿ ಇದ್ದ ದಿನ. ಅವರು ತಲೆ ತಗ್ಗಿಸಿ ಹೋದವರು ಮತ್ತೆ ಬಂದದ್ದು ಮೂರು ವರ್ಷದ ಮೇಲೆ, ಉಳಿಸಬಹುದಾಗಿದ್ದ ಎರಡು ಹಲ್ಲು ಹೋದ ಮೇಲೆ. ಆ ಎರಡು ಹಲ್ಲು ನನ್ನ ಲೆಕ್ಕದಲ್ಲಿವೆ.

ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಎಲೆ ಅಡಿಕೆ ತಿನ್ನುತ್ತೀರಾ? ನಮ್ಮ ಕಡೆ ಎಷ್ಟೋ ಜನರ ಹಲ್ಲಿನ ಹೆದರಿಕೆಯ ಅಡಿಯಲ್ಲಿ ಇನ್ನೊಂದು ಹೆದರಿಕೆ ಕೂತಿರುತ್ತದೆ: ಬಾಯಿ ತೆರೆದರೆ ಡಾಕ್ಟರು ಕ್ಯಾನ್ಸರ್ ಅಂದುಬಿಟ್ಟರೆ? ಅದನ್ನು ಹೆಂಡತಿಗೂ ಹೇಳಿರುವುದಿಲ್ಲ. ಅಡಿಕೆಯಿಂದಲೇ ಊಟ ಮಾಡುವ ನಮಗೆ ಇದು ಕಹಿ ಮಾತು. ತಂಬಾಕು ಸೇರಿಸದಿದ್ದರೂ ಅಡಿಕೆ ಅಗಿಯುವುದು ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರ್ಗ ಮಾಡಿದೆ. ಕನ್ನಡಿ ಮುಂದೆ ನಿಂತು ಮೂರು ಬೆರಳು ಒಂದರ ಮೇಲೊಂದು ಬರುವಂತೆ ಜೋಡಿಸಿ ಹಲ್ಲಿನ ನಡುವೆ ಹಾಕಿ ನೋಡಿ. ಹೋಗದಿದ್ದರೆ, ಖಾರ ತಿಂದಾಗ ಕೆನ್ನೆ ಒಳಗೆ ಉರಿದರೆ, ಬಿಳಿ ಕಲೆಯೋ ಎರಡು ವಾರ ದಾಟಿದ ಹುಣ್ಣೋ ಇದ್ದರೆ ತೋರಿಸಲೇಬೇಕು. ಇಂಥ ಹೆಚ್ಚಿನ ಕಲೆಗಳು ಕ್ಯಾನ್ಸರ್ ಆಗಿರುವುದಿಲ್ಲ. ಆಗುವ ಮೊದಲೇ ಹಿಡಿಯಬೇಕಾದರೆ ಯಾರಾದರೂ ನೋಡಬೇಕಲ್ಲ.

ಪ್ರಜ್ಞೆ ತಪ್ಪಿಸುವ ಮಾತು. ಆಗುತ್ತದೆ. ಒಂದು ಹಲ್ಲಿಗಾಗಿ ನಾನು ಹೇಳುವುದಿಲ್ಲ. ಅದಕ್ಕೆ ಆಸ್ಪತ್ರೆ, ಅರಿವಳಿಕೆ ಡಾಕ್ಟರು, ಉಪವಾಸ, ರಕ್ತ ಪರೀಕ್ಷೆ ಎಲ್ಲ ಬೇಕು, ಖರ್ಚೂ ಅಷ್ಟೇ. ತೀರಾ ಚಿಕ್ಕ ಮಕ್ಕಳಿಗೆ, ಕೂರಲಾಗದ ವಿಶೇಷ ಮಕ್ಕಳಿಗೆ ಅದು ವರ. ನಿಮಗೆ ಹಲ್ಲಿನ ಕೆಲಸ ಮುಗಿಯುತ್ತದೆ, ಹೆದರಿಕೆ ಹಾಗೆಯೇ ಉಳಿಯುತ್ತದೆ. ಮುಂದಿನ ಹಲ್ಲಿಗೆ ಏನು ಮಾಡುತ್ತೀರಿ?

ನಡುವೆ ಎರಡು ದಾರಿ ಇವೆ. ಒಂದು, ಡಾಕ್ಟರೇ ಬರೆದು ಕೊಡುವ, ಹೆದರಿಕೆ ತಗ್ಗಿಸುವ ಸಣ್ಣ ಮಾತ್ರೆ. ಅದನ್ನು ತಿಂದ ದಿನ ಬೈಕು ಬಿಡುವಂತಿಲ್ಲ, ಜೊತೆಗೆ ಜನ ಬೇಕು. ಇನ್ನೊಂದು ಮೂಗಿನಿಂದ ಎಳೆದುಕೊಳ್ಳುವ ನೈಟ್ರಸ್ ಆಕ್ಸೈಡ್. ಎಚ್ಚರ ಇರುತ್ತದೆ, ಮಾತಾಡಬಹುದು, ಆದರೆ ಯಾವುದೂ ದೊಡ್ಡದು ಅನ್ನಿಸುವುದಿಲ್ಲ. ಕೊನೆಗೆ ಕೆಲವು ನಿಮಿಷ ಬರೀ ಆಮ್ಲಜನಕ ಕೊಟ್ಟರೆ ಮತ್ತೆ ಮೊದಲಿನಂತೆ. ಎಲ್ಲ ಕ್ಲಿನಿಕ್ಕಿನಲ್ಲಿ ಸಿಗುವುದಿಲ್ಲ. ಮಂಗಳೂರಿನ ಡೆಂಟಲ್ ಕಾಲೇಜುಗಳಲ್ಲಿ ಫೋನ್ ಮಾಡಿ ವಿಚಾರಿಸಬಹುದು. ಈ ಅನಿಲಕ್ಕೂ ಹಲ್ಲಿಗೂ ಹಳೆಯ ನಂಟು. ಅಮೆರಿಕದ ಹೊರೇಸ್ ವೆಲ್ಸ್ ಅನ್ನುವ ಹಲ್ಲಿನ ಡಾಕ್ಟರು 1844ರ ಡಿಸೆಂಬರ್ 11ರಂದು ತಾನೇ ಇದನ್ನು ಎಳೆದುಕೊಂಡು, ಇನ್ನೊಬ್ಬ ಡಾಕ್ಟರಿಂದ ತನ್ನದೇ ಹಲ್ಲು ಕೀಳಿಸಿಕೊಂಡ. 1846ರಲ್ಲಿ ಪ್ರಜ್ಞೆ ತಪ್ಪಿಸುವ ಈಥರ್ ಕೊಟ್ಟು ಎಲ್ಲರ ಮುಂದೆ ಆಪರೇಷನ್ ಮಾಡಿಸಿ ತೋರಿಸಿದ ವಿಲಿಯಂ ಮಾರ್ಟನ್ ಕೂಡ ಹಲ್ಲಿನ ಡಾಕ್ಟರೇ. ಇವತ್ತು ಹೊಟ್ಟೆ ಆಪರೇಷನ್ ಮಾಡಿಸಿಕೊಳ್ಳುವವರೂ ನಮ್ಮ ಹಲ್ಲು ನೋವಿನವರಿಗೆ ಸ್ವಲ್ಪ ಋಣಿ.

ಧೈರ್ಯಕ್ಕೆ ಅಂತ ಒಂದು ಪೆಗ್ ಹಾಕಿಕೊಂಡು ಬರುವವರಿದ್ದಾರೆ. ಬೇಡ. ನೋಯುವ ವಸಡಿನ ಮೇಲೆ ಆಸ್ಪಿರಿನ್ ಮಾತ್ರೆ ಇಡುವುದೂ ಬೇಡ, ಚರ್ಮ ಸುಟ್ಟು ಬಿಳಿಯಾಗುತ್ತದೆ. ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಕ್ಕು ಬಿಡಿ. ಕಣ್ಣಿನ ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ.

ಮಗಳ ವಿಷಯ. ಅವಳು ಡಾಕ್ಟರನ್ನು ಇನ್ನೂ ನೋಡಿಲ್ಲ, ನಿಮ್ಮ ಮುಖ ನೋಡಿದ್ದಾಳೆ. ಮೊದಲ ಸಲ ಅವಳನ್ನು ನೀವು ಕರೆದುಕೊಂಡು ಹೋಗಬೇಡಿ, ಅಮ್ಮ ಹೋಗಲಿ. ‘ನೋವಾಗುವುದಿಲ್ಲ’ ಅಂತ ಭರವಸೆ ಕೊಡಬೇಡಿ, ಆಗ ಮಗುವಿಗೆ ಕೇಳುವುದು ನೋವು ಅನ್ನುವ ಒಂದೇ ಶಬ್ದ. ‘ಡಾಕ್ಟರು ನಿನ್ನ ಹಲ್ಲು ಎಣಿಸುತ್ತಾರಂತೆ’ ಅಂದರೆ ಸಾಕು. ಹಟ ಮಾಡಿದಾಗ ‘ಇಂಜೆಕ್ಷನ್ ಕೊಡಿಸ್ತೇನೆ’ ಅನ್ನುವ ಚಾಳಿ ಮನೆಯಲ್ಲಿ ಯಾರಿಗಾದರೂ ಇದ್ದರೆ ಇವತ್ತೇ ನಿಲ್ಲಿಸಿ. ಹಾಲು ಹಲ್ಲು ಹೇಗೂ ಬೀಳುತ್ತದಲ್ಲ ಅಂತ ಬಿಡಬೇಡಿ. ಹಾಲು ದವಡೆ ಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಬೇಕು. ಅವುಗಳ ಹಿಂದೆ ಆರನೇ ವರ್ಷದ ಹೊತ್ತಿಗೆ ಒಂದು ದವಡೆ ಹಲ್ಲು ಬರುತ್ತದೆ. ಅದು ಬೀಳುವ ಹಲ್ಲಲ್ಲ. ತುಂಬಾ ತಂದೆತಾಯಿಯರು ಅದನ್ನೂ ಹಾಲು ಹಲ್ಲು ಅಂದುಕೊಂಡು ಹುಳುಕಾಗಲು ಬಿಡುತ್ತಾರೆ.

ಫೋನಿನಲ್ಲಿ ಏನು ಹೇಳಬೇಕು ಅಂತ ಯೋಚಿಸುತ್ತಾ ಇನ್ನೊಂದು ವಾರ ಕಳೆಯಬೇಡಿ. ಇಷ್ಟು ಹೇಳಿ: ‘ನನಗೆ ಹಲ್ಲಿನ ಡಾಕ್ಟರಂದರೆ ಬಹಳ ಹೆದರಿಕೆ. ಹೋದ ತಿಂಗಳು ಕೆನ್ನೆ ಬಾತಿತ್ತು. ಮೊದಲ ದಿನ ಬರೀ ನೋಡಿ ಹೇಳಿದರೆ ಸಾಕು. ಬೆಳಿಗ್ಗೆ ಮೊದಲ ಟೋಕನ್ ಬೇಕು. ಡಾಕ್ಟರಿಗೆ ಕನ್ನಡ ಬರುತ್ತದಾ?’ ಆ ಕಡೆಯವರು ನಕ್ಕರೆ ಫೋನ್ ಇಟ್ಟು ಇನ್ನೊಂದು ಕ್ಲಿನಿಕ್ಕಿಗೆ ಮಾಡಿ. ಸೋಮವಾರ ನಮ್ಮಲ್ಲೆಲ್ಲ ಜನ ಜಾಸ್ತಿ, ಮಂಗಳವಾರಕ್ಕೆ ಕೇಳಿ.